ಮಣ್ಣಿನಲ್ಲಿ ಸಿಕ್ಕಿದ್ದನ್ನು ಯಾರ ಕೈಗೆ ಕೊಡೋಣ?

2000ನೇ ಇಸವಿಯ ಜೂನ್ ತಿಂಗಳು. ಪಶ್ಚಿಮ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಮಾಂಡಿ ಎಂಬ ಹಳ್ಳಿಯಲ್ಲಿ ರೈತರೊಬ್ಬರು ಕಬ್ಬಿನ ಹೊಲ ಮಟ್ಟ ಮಾಡುತ್ತಿದ್ದಾಗ ಮಣ್ಣಿನೊಳಗಿಂದ ಬಂಗಾರದ ಬಳೆ, ಮಣಿಗಳು ಎದ್ದುಬಂದವು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಗುದ್ದಲಿ, ಬುಟ್ಟಿ, ಜರಡಿ ಹಿಡಿದು ಊರಿಗೆ ಊರೇ ಹೊಲಕ್ಕಿಳಿಯಿತು. ಪೊಲೀಸರು, ಪುರಾತತ್ವ ಇಲಾಖೆಯವರು ಬರುವಷ್ಟರಲ್ಲಿ ಎಷ್ಟೋ ಒಡವೆ ಕೈ ಬದಲಾಗಿತ್ತು. ಕೊನೆಗೆ ಸರ್ಕಾರದ ವಶಕ್ಕೆ ಬಂದದ್ದು ಸುಮಾರು 10 ಕಿಲೋ. ಪರಿಶೀಲಿಸಿದ ತಜ್ಞರು ಅದನ್ನು ಹರಪ್ಪ ನಾಗರಿಕತೆಯ ಕೊನೆಯ ಘಟ್ಟಕ್ಕೆ ಸೇರಿದ ಆಭರಣ ನಿಧಿ ಎಂದು ಗುರುತಿಸಿದರು. ಅಂದರೆ ಹತ್ತಿರಹತ್ತಿರ ನಾಲ್ಕು ಸಾವಿರ ವರ್ಷ ಹಳೆಯದು. ಆ ಕಾಲದ ಒಡವೆ ಒಂದೇ ಕಡೆ ಇಷ್ಟು ಪ್ರಮಾಣದಲ್ಲಿ ಸಿಕ್ಕಿದ್ದೇ ಅಪರೂಪ.

ಪತ್ರಿಕೆಗಳು ಅದನ್ನು 'ಲೂಟಿ' ಎಂದು ಕರೆದವು. ಆದರೆ ಹಳ್ಳಿಯವರ ಕಡೆಯಿಂದ ಒಮ್ಮೆ ಯೋಚಿಸಿ ನೋಡಬೇಕು. ಹೊಲದಲ್ಲಿ ಏನೋ ಸಿಕ್ಕಿದೆ ಎಂದು ಹೇಳಿಕೊಳ್ಳಲು ಅವರಿಗೆ ಇದ್ದ ವಿಳಾಸ ಯಾವುದು? ಪೊಲೀಸ್ ಠಾಣೆ, ಇಲ್ಲವೇ ಕಲೆಕ್ಟರ್ ಕಚೇರಿ. ಸುಮ್ಮನೆ ಹೋಗಿ ಒಂದು ಮಾತು ಕೇಳಿ ಬರುವಂಥ ಜಾಗಗಳಲ್ಲ ಅವು. ಅಕ್ಕಸಾಲಿಗನ ಅಂಗಡಿ ಹತ್ತಿರ, ಪರಿಚಯದ್ದು, ಪ್ರಶ್ನೆಯನ್ನೂ ಕಡಿಮೆ ಕೇಳುತ್ತದೆ.

ದೆಹಲಿಯಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಹರಿಯಾಣದ ಝಜ್ಜರ್ ಎಂಬ ಪಟ್ಟಣವಿದೆ. ಮಾಂಡಿಯೂ ಝಜ್ಜರೂ ಇಂದು ರಾಷ್ಟ್ರ ರಾಜಧಾನಿ ಪ್ರದೇಶದ ಲೆಕ್ಕಕ್ಕೇ ಬರುತ್ತವೆ. ಝಜ್ಜರ್ ಸುತ್ತಲಿನ ರೈತರಿಗೆ ಮೂರನೆಯ ವಿಳಾಸವೊಂದು ಇತ್ತು. ಅದು ಗುರುಕುಲದ ಮ್ಯೂಸಿಯಂ.

ಸನ್ಯಾಸಿಯ ಸಂಗ್ರಹ

ಝಜ್ಜರ್‌ನ ಗುರುಕುಲ ಆರ್ಯ ಸಮಾಜದ್ದು. ಕಲ್ಯಾಣ ಕರ್ನಾಟಕದ ಹಿರಿಯರಿಗೆ ಆರ್ಯ ಸಮಾಜದ ಪರಿಚಯ ಮಾಡಿಕೊಡಬೇಕಿಲ್ಲ. 1939ರಲ್ಲಿ ನಿಜಾಮನ ವಿರುದ್ಧ ಅದು ನಡೆಸಿದ ಹೈದರಾಬಾದ್ ಸತ್ಯಾಗ್ರಹಕ್ಕೆ ಉತ್ತರ ಭಾರತದಿಂದ ತಂಡತಂಡವಾಗಿ ಜನ ಬಂದಿಳಿದು ಕಲಬುರಗಿಯ ಜೈಲನ್ನು ತುಂಬಿದ್ದರು. ಹಾಗೆ ಬಂದವರಲ್ಲಿ ಇಂದಿನ ಹರಿಯಾಣದ ಹಳ್ಳಿಗರೂ ಬಹಳ ಮಂದಿ ಇದ್ದರು.

ಗುರುಕುಲದ ಚುಕ್ಕಾಣಿ ಹಿಡಿದವರು ದೆಹಲಿ ಅಂಚಿನ ನರೇಲಾದಲ್ಲಿ 1910ರಲ್ಲಿ ಹುಟ್ಟಿದ ಆಚಾರ್ಯ ಭಗವಾನ್ ದೇವ್. ಸನ್ಯಾಸ ಪಡೆದ ಮೇಲೆ ಅವರು ಸ್ವಾಮಿ ಓಮಾನಂದ ಸರಸ್ವತಿ ಎಂದಾದರು. 2003ರಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸಗಳು ಒಂದೆರಡಲ್ಲ: ವೇದಪಾಠ, ಆಯುರ್ವೇದ, ಹಿಂದಿ ಚಳವಳಿ, ಸಮಾಜ ಸುಧಾರಣೆ. ಇವುಗಳ ನಡುವೆಯೇ ಹಳ್ಳಿ ಹಳ್ಳಿ ಸುತ್ತಿ ಹಳೆಯ ವಸ್ತು ಕೂಡಿಹಾಕುವ ಹುಚ್ಚು. ಹರಿಯಾಣ ಎಂಬ ರಾಜ್ಯ ಹುಟ್ಟಿದ್ದು 1966ರ ನವೆಂಬರ್ 1ರಂದು. ಅದಕ್ಕೂ ಮೊದಲೇ, 1960ರ ದಶಕದ ಆರಂಭದಲ್ಲೇ, ಗುರುಕುಲದ ಆವರಣದಲ್ಲಿ ಈ ಸಂಗ್ರಹಕ್ಕೆ ಮ್ಯೂಸಿಯಂ ರೂಪ ಬಂದಿತ್ತು. ಇಂದು ಅದರ ಹೆಸರು ಹರಿಯಾಣ ಪ್ರಾಂತೀಯ ಪುರಾತತ್ವ ಸಂಗ್ರಹಾಲಯ. ನಾಣ್ಯ, ನಾಣ್ಯದ ಅಚ್ಚು, ಮಣ್ಣಿನ ಮುದ್ರೆ, ಸುಟ್ಟ ಮಣ್ಣಿನ ಬೊಂಬೆ, ತಾಮ್ರದ ಆಯುಧ, ಕಲ್ಲಿನ ಮೂರ್ತಿ, ಹಸ್ತಪ್ರತಿ ಎಲ್ಲವೂ ಅಲ್ಲಿವೆ.

ಮೂರ್ತಿ ಎಂದಾಗ ತುಸು ನಿಲ್ಲಬೇಕು. ಆರ್ಯ ಸಮಾಜ ಮೂರ್ತಿಪೂಜೆಯನ್ನು ಒಪ್ಪುವುದಿಲ್ಲ. ದಯಾನಂದ ಸರಸ್ವತಿಯವರು 'ಸತ್ಯಾರ್ಥ ಪ್ರಕಾಶ'ದಲ್ಲಿ ಅದನ್ನು ಕಟುವಾಗಿ ಖಂಡಿಸಿದ್ದಾರೆ. ಅಂಥ ಸಂಸ್ಥೆಯೇ ದೇವರ ವಿಗ್ರಹಗಳನ್ನು ಹುಡುಕಿ ತಂದು ಜೋಪಾನ ಮಾಡಿತು. ಆರತಿ ಎತ್ತಲು ಅಲ್ಲ, ಓದಲು. ನಂಬಿಕೆಗೆ ಒಗ್ಗದ್ದನ್ನೂ ಚರಿತ್ರೆಗಾಗಿ ಉಳಿಸಿಕೊಳ್ಳಬೇಕು ಎಂಬುದನ್ನು ಭಾಷಣವಿಲ್ಲದೆ ಹೇಳಿಕೊಡುವ ಜಾಗ ಅದು.

ಹರಿಯಾಣದಲ್ಲಿ ಹಳೆಯ ಊರುಗಳು ಹೂತುಹೋದ ದಿಬ್ಬಕ್ಕೆ 'ಖೇಡಾ' ಅಥವಾ 'ಥೇಹ್' ಎನ್ನುತ್ತಾರೆ. ನಮ್ಮಲ್ಲಿ ಹಾಳೂರ ದಿಬ್ಬ, ಪಾಟಿಗಡ್ಡೆ ಎಂದಂತೆ. ಬಯಲುಸೀಮೆಯ ಆ ಸಪಾಟು ನೆಲದಲ್ಲಿ ಇವು ದೂರದಿಂದಲೇ ಕಾಣುತ್ತವೆ. ಮಳೆ ಬಂದು ಮಣ್ಣು ತೊಳೆದಾಗಲೆಲ್ಲ ಮೇಲೆ ಏನಾದರೂ ತೇಲುತ್ತದೆ. ದನ ಮೇಯಿಸುವ ಹುಡುಗರ ಜೇಬಿಗೆ ಮೊದಲು ಬೀಳುವುದು ಅದೇ. ಆ ಜೇಬಿನಿಂದ ಗುಜರಿಗೋ ಮೂಸೆಗೋ ಹೋಗುವುದರ ಬದಲು ಮ್ಯೂಸಿಯಂಗೆ ಬರಲು ಊರಿನವರು ನಂಬುವ ಒಬ್ಬ ಮನುಷ್ಯ ಬೇಕಾಗುತ್ತದೆ. ಊರೂರಿನ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಮಾತಾಡಿದ, ಅವರ ಮಕ್ಕಳಿಗೆ ಪಾಠ ಹೇಳಿದ ಸ್ವಾಮಿಗೆ ಆ ನಂಬಿಕೆ ಬಂಡವಾಳವಾಗಿ ಒದಗಿತು.

ಹತ್ತು ರೂಪಾಯಿ ಬಾಳದ ಮಣ್ಣು

ಈ ಸಂಗ್ರಹದಲ್ಲಿ ಕಣ್ಣಿಗೆ ಹೊಡೆಯುವುದು ಚಿನ್ನ ಬೆಳ್ಳಿಯೇ. ಆದರೆ ವಿದ್ವಾಂಸರನ್ನು ಎಳೆದು ತರುವುದು ಬೂದು ಬಣ್ಣದ, ಒಡೆದ ಮಣ್ಣಿನ ಬಿಲ್ಲೆಗಳು. ಅವು ನಾಣ್ಯ ಎರಕ ಹೊಯ್ಯುವ ಅಚ್ಚುಗಳು.

ಇವುಗಳ ಮಹತ್ವವನ್ನು ಮೊದಲು ಜಗತ್ತಿಗೆ ಹೇಳಿದವರು ಪುರಾತತ್ವದವರಲ್ಲ, ಸಸ್ಯಶಾಸ್ತ್ರಜ್ಞ ಬೀರಬಲ್ ಸಾಹ್ನಿ. ಕಲ್ಲಾಗಿಹೋದ ಗಿಡಮರಗಳ ಅಧ್ಯಯನದಲ್ಲಿ ಹೆಸರು ಮಾಡಿದ, ಮುಂದೆ ಲಖನೌದಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿದ ವಿಜ್ಞಾನಿ. 1936ರಲ್ಲಿ ಅವರು ರೋಹ್ತಕ್‌ನ ಖೋಖ್ರಾಕೋಟ್ ದಿಬ್ಬದ ಮೇಲೆ ಓಡಾಡುತ್ತಿದ್ದಾಗ ಈ ಬಿಲ್ಲೆಗಳು ಕಾಲಿಗೆ ಸಿಕ್ಕವು. ಪಳೆಯುಳಿಕೆ ನೋಡಿ ಪಳಗಿದ ಕಣ್ಣು. ಒಡಕು ಮಡಕೆಯಂತೆ ಕಂಡದ್ದರ ಒಳಮೈಯಲ್ಲಿ ಅಕ್ಷರ, ಆನೆ, ಗೂಳಿಯ ಗುರುತು ಹಿಡಿಯಿತು. ಒಂಬತ್ತು ವರ್ಷದ ನಂತರ, 1945ರಲ್ಲಿ, ಪ್ರಾಚೀನ ಭಾರತದಲ್ಲಿ ನಾಣ್ಯ ಎರಕ ಹೊಯ್ಯುತ್ತಿದ್ದ ತಂತ್ರದ ಬಗ್ಗೆ ಅವರು ಬರೆದ ಗ್ರಂಥ ಪ್ರಕಟವಾಯಿತು. ನಾಣ್ಯಶಾಸ್ತ್ರ ಪರಿಷತ್ತು ಅವರಿಗೆ ನೆಲ್ಸನ್ ರೈಟ್ ಪದಕ ಕೊಟ್ಟಿತು. ನಮ್ಮ ಮಸ್ಕಿಯ ಕಥೆಯೂ ಹೀಗೆಯೇ ಅಲ್ಲವೇ? 1915ರಲ್ಲಿ ಅಶೋಕನ ಹೆಸರಿರುವ ಶಾಸನ ಕಣ್ಣಿಗೆ ಬಿದ್ದದ್ದು ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್‌ಗೆ.

ಅಚ್ಚು ಕೆಲಸ ಮಾಡುತ್ತಿದ್ದ ರೀತಿ ಜಾಣತನದ್ದು. ಹಸಿ ಜೇಡಿಮಣ್ಣಿನ ದುಂಡು ಬಿಲ್ಲೆಯ ಮೇಲೆ ಅಸಲಿ ನಾಣ್ಯ ಒತ್ತಿ ಸುತ್ತಲೂ ಗುಳಿ ಮಾಡುತ್ತಿದ್ದರು. ನಡುವೆ ಒಂದು ತೂತು. ತೂತಿನಿಂದ ಪ್ರತಿ ಗುಳಿಗೂ ಒಂದು ಸಣ್ಣ ಕಾಲುವೆ. ಇಂಥ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಹೊರಗಿನಿಂದ ಮಣ್ಣು ಮೆತ್ತಿದರೆ ಒಳಗೆ ನೆಟ್ಟಗೆ ಒಂದು ಕೊಳವೆಯಾಗುತ್ತದೆ. ಮೇಲಿನ ಬಾಯಿಂದ ಕರಗಿದ ಲೋಹ ಹೊಯ್ದರೆ ಎಲ್ಲ ಗುಳಿಗಳಿಗೂ ಒಮ್ಮೆಲೇ ಹರಿದು ಒಂದೇ ಹೊಯ್ತಕ್ಕೆ ರಾಶಿ ನಾಣ್ಯ. ಆರಿದ ಮೇಲೆ ಅಚ್ಚನ್ನು ಒಡೆದು ನಾಣ್ಯ ಬಿಡಿಸಿಕೊಳ್ಳಬೇಕು. ಹಾಗಾಗಿ ಟಂಕಸಾಲೆ ಇದ್ದ ಕಡೆ ಒಡೆದ ಅಚ್ಚಿನ ಚೂರುಗಳು ತಿಪ್ಪೆಯಾಗಿ ಉಳಿದವು.

ಇತಿಹಾಸಕಾರರಿಗೆ ನಾಣ್ಯಕ್ಕಿಂತ ಈ ತಿಪ್ಪೆ ಹೆಚ್ಚು ಬೆಲೆಯದ್ದು. ನಾಣ್ಯ ಸಂತೆಯಿಂದ ಸಂತೆಗೆ, ರಾಜ್ಯದಿಂದ ರಾಜ್ಯಕ್ಕೆ ಅಲೆಯುತ್ತದೆ. ಎಲ್ಲಿ ಸಿಕ್ಕಿತೋ ಅಲ್ಲೇ ತಯಾರಾಯಿತು ಎನ್ನಲು ಬರುವುದಿಲ್ಲ. ಒಡೆದ ಅಚ್ಚನ್ನು ಯಾರೂ ಗಂಟು ಕಟ್ಟಿಕೊಂಡು ಹೋಗುವುದಿಲ್ಲ. ಅದು ಬಿದ್ದ ಜಾಗವೇ ಟಂಕಸಾಲೆಯ ಜಾಗ. ಖೋಖ್ರಾಕೋಟ್‌ನ ಅಚ್ಚುಗಳ ಮೇಲಿನ ಬ್ರಾಹ್ಮಿ ಬರಹ ಯೌಧೇಯರದು, ಬಹುಧಾನ್ಯಕ ಎಂಬ ಅವರ ನಾಡಿನದು. ಆಯುಧವನ್ನೇ ಬಾಳುವೆ ಮಾಡಿಕೊಂಡ ಗಣವೆಂದು ಪಾಣಿನಿ ಹೆಸರಿಸಿದ, ಕ್ರಿ.ಶ. 150ರ ಜುನಾಗಢ ಶಾಸನದಲ್ಲಿ ರುದ್ರದಾಮ ತಾನು ಮುರಿದೆನೆಂದು ಹೆಮ್ಮೆಪಟ್ಟ, ಮತ್ತೆ ತಲೆಯೆತ್ತಿ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲೂ ಕಾಣಿಸಿಕೊಳ್ಳುವ ಯೌಧೇಯರು. ಅವರಿಗೆ ಒಬ್ಬ ರಾಜನ ಹೆಸರಿಲ್ಲ. ನಂತರದ ನಾಣ್ಯಗಳ ಮೇಲೆ ಭರ್ಜಿ ಹಿಡಿದ ಕಾರ್ತಿಕೇಯ, ಜೊತೆಗೆ ಯೌಧೇಯ ಗಣಕ್ಕೆ ಜಯವಾಗಲಿ ಎಂಬ ಘೋಷ. ರಾಹುಲ್ ಸಾಂಕೃತ್ಯಾಯನರು 1944ರಲ್ಲಿ 'ಜಯ ಯೌಧೇಯ' ಎಂಬ ಕಾದಂಬರಿಯನ್ನೇ ಬರೆದರು.

ಸಾಹ್ನಿ ರೋಹ್ತಕ್‌ನಲ್ಲಿ ತೋರಿಸಿದ ದಾರಿಯನ್ನು ಓಮಾನಂದರು ಭಿವಾನಿ ಬಳಿಯ ನೌರಂಗಾಬಾದ್ ಮುಂತಾದ ದಿಬ್ಬಗಳವರೆಗೆ ಮುಂದುವರಿಸಿದರು. ಅಚ್ಚುಗಳ ಜೊತೆ ಮಣ್ಣಿನ ಮುದ್ರೆಗಳನ್ನೂ ಕೂಡಿಸಿದರು. ಹಿಂದೆ ಓಲೆ ಅಥವಾ ಸರಕಿನ ಮೂಟೆ ಕಟ್ಟಿದ ದಾರದ ಗಂಟಿನ ಮೇಲೆ ಹಸಿ ಮಣ್ಣಿನ ಉಂಡೆ ಮೆತ್ತಿ ಮೊಹರು ಒತ್ತುತ್ತಿದ್ದರು. ನಮ್ಮ ಅಂಚೆ ಕಚೇರಿಯ ಅರಗಿನ ಮುದ್ರೆ ಇದ್ದಂತೆ. ಸುಡದ ಮಣ್ಣು ನೀರಿಗೆ ಕರಗಿಹೋಗುವಂಥದ್ದು. ಎಂದೋ ಕಚೇರಿಗೆ ಬೆಂಕಿ ಬಿದ್ದಾಗ ಓಲೆ ಸುಟ್ಟು ಬೂದಿಯಾಗುತ್ತದೆ, ಮಣ್ಣಿನ ಮುದ್ರೆ ಬೆಂದು ಗಟ್ಟಿಯಾಗಿ ಉಳಿಯುತ್ತದೆ. ಬೆನ್ನಿನ ಮೇಲೆ ದಾರದ ಗುರುತು, ಮುಖದ ಮೇಲೆ ಅಧಿಕಾರಿಯ ಹೆಸರು. ಇವುಗಳ ಮೇಲೆ ಸ್ವಾಮೀಜಿ ಹಿಂದಿಯಲ್ಲಿ ಪುಸ್ತಕಗಳನ್ನೂ ಬರೆದರು.

ಈಗ ಕಾನೂನು ಏನು ಹೇಳುತ್ತದೆ ನೋಡಿ. 1878ರ ಭಾರತೀಯ ನಿಧಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ನೆಲದಲ್ಲಿ ಹುದುಗಿದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ವಾರಸುದಾರರಿಲ್ಲ ಎಂದಾದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಸಿಕ್ಕಿದವರಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದ ಒಡೆಯರಿಗೆ ಒಂದು ಪಾಲು. ಸರ್ಕಾರವೇ ಬೇಕೆಂದರೆ ವಸ್ತುವಿನ ಬೆಲೆಯ ಮೇಲೆ ಅದರ ಐದನೇ ಒಂದು ಭಾಗ ಸೇರಿಸಿ ಕೊಟ್ಟು ಪಡೆಯಬೇಕು. ಮುಚ್ಚಿಟ್ಟರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಇದರ ಜೊತೆಗೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ: 100 ವರ್ಷ ದಾಟಿದ ವಸ್ತುಗಳನ್ನು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನು ಅದು ಪ್ರಾಚ್ಯವಸ್ತು ಎನ್ನುತ್ತದೆ.

ನಿಧಿ ಕಾಯ್ದೆ ತೂಗುವುದು ಲೋಹದ ಬೆಲೆಯನ್ನು. ಒಡೆದ ಮಣ್ಣಿನ ಅಚ್ಚು ಆ ತಕ್ಕಡಿಯಲ್ಲಿ ಹತ್ತು ರೂಪಾಯಿಯೂ ಬಾಳುವುದಿಲ್ಲ. ಕಳ್ಳನಿಗೂ ಬೇಡ, ಅಕ್ಕಸಾಲಿಗನಿಗೂ ಬೇಡ, ಠಾಣೆಯ ದಫೇದಾರರಿಗೂ ಬೇಡ. ಅದು ಬೇಕು ಎಂದು ಕೈ ಚಾಚುವವರು ನಡೆದುಹೋಗುವ ದೂರದಲ್ಲಿ ಇರಬೇಕು. ಸಣ್ಣ ಊರಿನ ಮ್ಯೂಸಿಯಂ ಮಾಡುವ ಮೊದಲ ಕೆಲಸ ಇದು. ಪ್ರದರ್ಶನ, ವಿವರಣೆ, ಶಾಲಾ ಮಕ್ಕಳ ಪ್ರವಾಸ ಎಲ್ಲ ಆಮೇಲಿನವು.

ದಿಲ್ಲಿಗೆ ಹೋದದ್ದು, ಊರಲ್ಲಿ ಉಳಿದದ್ದು

ಬಾಗ್‌ಪತ್ ಜಿಲ್ಲೆಯ ಸಿನೌಲಿಯಲ್ಲಿ ಇದೇ ಪ್ರಶ್ನೆಯ ಇನ್ನೊಂದು ಮುಖವಿದೆ. 2005ರಲ್ಲಿ ಅಲ್ಲಿನ ರೈತರ ಹೊಲದಲ್ಲಿ ಅಸ್ಥಿಪಂಜರಗಳು ಕಂಡವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿ 116 ಸಮಾಧಿಗಳನ್ನು ಹೊರತೆಗೆಯಿತು. 2018ರಲ್ಲಿ ಮತ್ತೆ ಅಗೆದಾಗ ತಾಮ್ರದ ಅಲಂಕಾರವಿದ್ದ ಶವಪೆಟ್ಟಿಗೆ, ಗಾಲಿಯ ವಾಹನಗಳು ಸಿಕ್ಕು ದೇಶವೆಲ್ಲ ಚರ್ಚೆಯಾಯಿತು. ಅದು ರಥವೋ ಎತ್ತಿನ ಬಂಡಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಶಾಸ್ತ್ರೋಕ್ತ ಉತ್ಖನನ, ಒಳ್ಳೆಯ ದಾಖಲೆ, ಪ್ರಯೋಗಾಲಯದ ಪರೀಕ್ಷೆ ಎಲ್ಲ ಆಯಿತು. ಸಿಕ್ಕಿದ್ದು ದೆಹಲಿಗೆ ಹೋಯಿತು. ಅಷ್ಟು ನಾಜೂಕಾದ ವಸ್ತುಗಳನ್ನು ಉಳಿಸಲು ಬೇಕಾದ ಅನುಕೂಲ ಹಳ್ಳಿಯಲ್ಲಿ ಇರಲಿಲ್ಲವಾದ್ದರಿಂದ ಅದು ತಪ್ಪೆನ್ನಲಾಗದು. ಆದರೆ ಸಿನೌಲಿಯ ಮಗುವಿಗೆ ತನ್ನೂರಿನ ಚರಿತ್ರೆ ನೋಡಬೇಕೆಂದರೆ ಮೊಬೈಲ್ ಪರದೆಯೇ ಗತಿಯಾಯಿತು.

ಹಾಗೆಂದು ಝಜ್ಜರ್‌ನ ದಾರಿ ದೋಷವಿಲ್ಲದ್ದಲ್ಲ. ಪುರಾತತ್ವ ವಿಜ್ಞಾನದ ಆಕ್ಷೇಪ ಗಟ್ಟಿಯಾಗಿದೆ. ಪುರಾತತ್ವಜ್ಞರಿಗೆ ವಸ್ತುವಷ್ಟೇ ಮುಖ್ಯ ಅದು ಮಲಗಿದ್ದ ಪದರ: ಯಾವ ಆಳ, ಪಕ್ಕದಲ್ಲಿ ಏನಿತ್ತು, ಬೂದಿಯ ಮೇಲೋ ಕೆಳಗೋ. ದಿಬ್ಬದ ಮೇಲೆ ಹೆಕ್ಕಿ ತಂದ ವಸ್ತುವಿಗೆ ಈ ಗುರುತು ಇರುವುದಿಲ್ಲ. ಕೊಳ್ಳುವವರಿದ್ದಾರೆ ಎಂದು ಗೊತ್ತಾದರೆ ಜನ ದಿಬ್ಬಕ್ಕೇ ಗುದ್ದಲಿ ಹಾಕುವ ಅಪಾಯವೂ ಉಂಟು. ಆದರೆ ಎದುರು ವಾದವನ್ನೂ ಕೇಳಬೇಕು. ಖೋಖ್ರಾಕೋಟ್‌ನಂಥ ದಿಬ್ಬಗಳ ಮೇಲೆ ಊರೇ ಹತ್ತಿ ಕೂತಿದೆ. ಇಟ್ಟಿಗೆ ಗೂಡಿಗೆ, ರಸ್ತೆಗೆ, ಬಡಾವಣೆಗೆ ಮಣ್ಣು ಹೋಗುತ್ತಲೇ ಇದೆ. ಉತ್ಖನನದ ಸರದಿ ಬರುವವರೆಗೆ ಎಲ್ಲ ದಿಬ್ಬಗಳೂ ಕಾಯುತ್ತಾ ಇರುವುದಿಲ್ಲ. ಪದರ ಹೋದರೂ ಊರಿನ ಹೆಸರಾದರೂ ಉಳಿದರೆ ಅದು ಪೂರ್ತಿ ನಷ್ಟವಲ್ಲ. ಒಡೆದ ಅಚ್ಚಿನ ವಿಷಯದಲ್ಲಂತೂ ಊರಿನ ಹೆಸರೇ ಅರ್ಧ ಚರಿತ್ರೆ.

ಎರಡನೆಯ ತೊಡಕು: ಯಾರ ಚರಿತ್ರೆ? ಝಜ್ಜರ್‌ನ ಹೊರವಲಯದಲ್ಲಿ ಮೊಘಲರ ಕಾಲದ ಗೋರಿಗಳ ಗುಂಪಿದೆ. ಇಲ್ಲಿನ ನವಾಬ ಅಬ್ದುರ್ ರೆಹಮಾನ್ ಖಾನ್ 1857ರ ದಂಗೆಯಲ್ಲಿ ಪಾಲ್ಗೊಂಡ ಆರೋಪಕ್ಕೆ ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಗಲ್ಲಿಗೇರಿದ. 1947ರಲ್ಲಿ ಈ ಸೀಮೆಯಿಂದ ಮುಸ್ಲಿಂ ಕುಟುಂಬಗಳು ಪಾಕಿಸ್ತಾನಕ್ಕೆ ಹೋದವು, ಅತ್ತಲಿಂದ ಪಂಜಾಬಿ ಹಿಂದೂ ಕುಟುಂಬಗಳು ಬಂದವು. ಒಬ್ಬ ಸಂಗ್ರಾಹಕನ ಒಲವು, ಒಂದು ಸಂಸ್ಥೆಯ ನಂಬಿಕೆ ಎಲ್ಲವನ್ನೂ ಸಮನಾಗಿ ಹಿಡಿಯಲಾರದು. ಯೌಧೇಯರ ಹೆಮ್ಮೆ ಹೊಸ ರಾಜ್ಯಕ್ಕೆ ಬೇಕಿತ್ತು, ಸಿಕ್ಕಿತು. ಗಡಿ ದಾಟಿದವರ ನೆನಪು ಯಾರಿಗೆ ಬೇಕಿತ್ತು? ಪಟ್ಟಣವೊಂದಕ್ಕೆ ಒಂದಕ್ಕಿಂತ ಹೆಚ್ಚು ಬಗೆಯ ನೆನಪಿನ ಮನೆಗಳು ಇರುವುದು ಇದಕ್ಕಾಗಿಯೇ ಒಳ್ಳೆಯದು.

ಪಕ್ಕದ ರೇವಾಡಿ ಅಂಥ ಇನ್ನೊಂದು ಬಗೆಯ ಉದಾಹರಣೆ. 1873ರ ಫೆಬ್ರುವರಿಯಲ್ಲಿ ದೆಹಲಿಯಿಂದ ರೇವಾಡಿಗೆ ರೈಲು ಬಂತು, ದೇಶದ ಮೊದಲ ಮೀಟರ್ ಗೇಜ್ ಹಳಿಯ ಮೇಲೆ. ಜೊತೆಗೇ ಉಪ್ಪಿನ ಊರಾದ ಫರೂಖ್‌ನಗರಕ್ಕೆ ಒಂದು ಕವಲು. 1893ರಲ್ಲಿ ಕಟ್ಟಿದ ಲೋಕೋ ಶೆಡ್ ಉಗಿಬಂಡಿಗಳ ಕಾಲ ಮುಗಿದ ಮೇಲೆ ಪಾಳು ಬಿದ್ದು, 2002ರಲ್ಲಿ ಪರಂಪರೆಯ ಶೆಡ್ ಆಗಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿ ಇಂಜಿನ್‌ಗಳು ಬರೀ ಬಣ್ಣ ಬಳಿದು ನಿಲ್ಲಿಸಿದವಲ್ಲ, ಕೆಲವು ಇಂದಿಗೂ ಉಗಿ ಕಾರಿ ಓಡುತ್ತವೆ. ಓಡಬೇಕೆಂದರೆ ಬಾಯ್ಲರ್ ತೊಳೆಯಲು, ಕೊಳವೆ ಬದಲಿಸಲು, ಕಲ್ಲಿದ್ದಲಿನ ಬೆಂಕಿಯನ್ನು ಹದವಾಗಿ ಹರಡಲು ಬಲ್ಲ ಫಿಟ್ಟರ್, ಫೈರ್‌ಮನ್‌ಗಳು ಬೇಕು. ಆ ಕಸುಬು ಪುಸ್ತಕ ಓದಿ ಬರುವುದಲ್ಲ. ಮೈಸೂರಿನ ರೈಲು ಮ್ಯೂಸಿಯಂ ನೋಡಿ ಬೆಳೆದ ಕನ್ನಡಿಗರು ದೆಹಲಿಗೆ ಬಂದಾಗ ರೇವಾಡಿಗೂ ಒಮ್ಮೆ ಹೋಗಿಬರಬೇಕು.

ನಮ್ಮಲ್ಲಿ?

ಕರ್ನಾಟಕದಲ್ಲಿ ಇಂಥ ಹುಚ್ಚಿನ ಮನುಷ್ಯರಿಗೆ ಕೊರತೆಯಿಲ್ಲ. ಬಂಟ್ವಾಳದಲ್ಲಿ ಇತಿಹಾಸದ ಮೇಷ್ಟ್ರು ತುಕಾರಾಮ ಪೂಜಾರಿಯವರು ತುಳುವರ ಮನೆಮನೆಯಿಂದ ಅಡುಗೆ, ಬೇಸಾಯ, ಅಳತೆಯ ಸಾಮಾನುಗಳನ್ನು ಕೂಡಿಸಿ ರಾಣಿ ಅಬ್ಬಕ್ಕನ ಹೆಸರಲ್ಲಿ ತುಳು ಬದುಕಿನ ವಸ್ತುಸಂಗ್ರಹಾಲಯ ಕಟ್ಟಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕೆಡವಲು ಹೊರಟ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಲಕ್ಕುಂಡಿಯಲ್ಲಿ ಇತ್ತೀಚೆಗೆ ಊರೊಳಗೆ ಚದುರಿದ್ದ ಶಿಲ್ಪದ ತುಂಡುಗಳನ್ನು ಜನರಿಂದಲೇ ಕೇಳಿ ಪಡೆಯುವ ಅಭಿಯಾನ ನಡೆಯಿತು. ಬಾವಿಕಟ್ಟೆ, ಹಿತ್ತಲು, ಗೋಡೆಗಳಲ್ಲಿ ಸೇರಿಹೋಗಿದ್ದ ಕಲ್ಲುಗಳಿಗೆ ಹೀಗೆ ಹೊಸ ನೆಲೆ ಸಿಗತೊಡಗಿತು.

ಇವರೆಲ್ಲರಿಗೂ ಓಮಾನಂದರಿಗೂ ಒಂದು ವಿಷಯದಲ್ಲಿ ಹೋಲಿಕೆಯಿದೆ. ಜನ ವಸ್ತು ಕೊಟ್ಟದ್ದು ಕಟ್ಟಡ ನೋಡಿ ಅಲ್ಲ, ಮನುಷ್ಯನನ್ನು ನೋಡಿ. ಅಪಾಯ ಇರುವುದೂ ಅಲ್ಲೇ. ಆ ಮನುಷ್ಯ ಹೋದ ಮೇಲೆ 'ಇದು ಯಾವೂರಿನದು, ಯಾರು ಕೊಟ್ಟರು' ಎಂಬುದು ಅವರ ತಲೆಯೊಳಗಷ್ಟೇ ಇದ್ದರೆ ಕಪಾಟಿನಲ್ಲಿ ಉಳಿಯುವುದು ಬರೀ ವಸ್ತು. ಮಣ್ಣಿನ ಬಿಲ್ಲೆಯಿಂದ ದಿಬ್ಬದ ಹೆಸರನ್ನು ಕಳೆದರೆ ಅದು ಮತ್ತೆ ಒಡಕು ಮಡಕೆಯೇ.

ತಾಲ್ಲೂಕಿಗೊಂದು ಮ್ಯೂಸಿಯಂ ಬೇಕು ಎಂಬ ಬೇಡಿಕೆ ಆಗಾಗ ಏಳುತ್ತದೆ. ಕೂಡಲೇ ನಿವೇಶನ, ಅಂದಾಜು ಪಟ್ಟಿ, ಟೆಂಡರ್‌ಗಳ ಮಾತು ಶುರುವಾಗುತ್ತದೆ. ಅಷ್ಟೆಲ್ಲ ಬೇಕಾಗಿಲ್ಲ. ಊರಿನ ಹೈಸ್ಕೂಲಿನಲ್ಲೋ ಗ್ರಂಥಾಲಯದಲ್ಲೋ ಒಂದು ದಪ್ಪ ರಿಜಿಸ್ಟರ್ ಇರಲಿ: ವಸ್ತು ಏನು, ಯಾವ ಗ್ರಾಮ, ಸರ್ವೆ ನಂಬರ್ ಎಷ್ಟು, ಯಾವ ತಾರೀಖು, ಎಷ್ಟು ಆಳದಲ್ಲಿ, ಕಂಡವರು ಯಾರು. ಸಿಕ್ಕ ಜಾಗದಲ್ಲೇ ತೆಗೆದ ಒಂದು ಫೋಟೊ ಇರಲಿ. ಕಾಯ್ದೆಯ ಪ್ರಕಾರ ತಹಶೀಲ್ದಾರರಿಗೂ ಇಲಾಖೆಗೂ ತಿಳಿಸಬೇಕಾದದ್ದನ್ನು ರೈತರ ಪರವಾಗಿ ಬರೆದುಕೊಡುವ ಮೇಷ್ಟ್ರೊಬ್ಬರು ಇರಲಿ. ತಂದುಕೊಟ್ಟವರ ಕೈಗೆ ಅವರ ಹೆಸರು ಹಾಕಿದ ಒಂದು ರಶೀದಿ ಸಿಗಲಿ. ಮುಂದೆ ವಸ್ತು ಬೆಂಗಳೂರಿಗೋ ದೆಹಲಿಗೋ ಹೋದರೂ ಅದರ ಕೆಳಗಿನ ಚೀಟಿಯಲ್ಲಿ ಊರಿನ ಹೆಸರು ಇದ್ದೇ ಇರಬೇಕು ಎಂದು ಹಕ್ಕಿನಿಂದ ಕೇಳಲು ಆ ಕಾಗದ ಸಾಕು. ಕಟ್ಟಡ ಹತ್ತು ವರ್ಷ ತಡವಾಗಿ ಬಂದರೂ ನಡೆಯುತ್ತದೆ, ಮೊದಲು ಆ ರಶೀದಿ ಪುಸ್ತಕ ಬರಲಿ.